ಅರವತ್ಮೂರನೆಯ ಫಂಕ್ಷನ್

ಮಾನಿಟರಿನ ಗಾಜಿನ ಮೇಲೆ ದಿನಾ ಸಂಜೆ ವಿಭೂತಿಯ ಕಲೆ ಇರುತ್ತಿತ್ತು. ಅಕ್ಷರ ಕಾಣದೆ ಸರ್ ಮುಖವನ್ನು ಅಷ್ಟು ಹತ್ತಿರ ಒಯ್ಯುತ್ತಿದ್ದರು. ಹಣೆ ಗಾಜಿಗೆ ತಾಗಿದ್ದೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅದನ್ನು ಒರೆಸುವುದು ನನ್ನ ಮೊದಲ ಕೆಲಸ. ಕಣ್ಣು ಕೆಡಿಸಿದ್ದು ಸಕ್ಕರೆ ಕಾಯಿಲೆ. “ಇಷ್ಟು ವರ್ಷ ಸಕ್ಕರಿ ಕಾರ್ಖಾನಿ ಅನ್ನ ಉಂಡೀನಿ, ಅದರ ಬ್ಯಾನಿನೂ ಉಣಬೇಕಲ್ಲ” ಎಂದು ತಾವೇ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ ನಾನು ಚಿಕ್ಕೋಡಿಯಿಂದ ಬಸ್ಸಿನಲ್ಲಿ ಹೋಗಿಬಂದು ಕೆಲಸ ಮಾಡುತ್ತಿದ್ದ ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಅವರೇ ಮುಖ್ಯಸ್ಥರು, ನಾನು ಅವರ ಸಹಾಯಕಿ. ತೆಲಸಂಗದ ಕಡೆಯವರು, ಸಿ ಭಾಷೆಯನ್ನು ಬರೀ ಪುಸ್ತಕ ನೋಡಿ ಕಲಿತವರು. ಯಾರ ಹೊಲದ ಕಬ್ಬನ್ನು ಯಾವ ದಿನ ಕಡಿಯಬೇಕೆಂಬ ಪಾಳಿ ಪಟ್ಟಿಯ ನಿಯಮ ಪ್ರತಿ ಹಂಗಾಮಿಗೂ ಬದಲಾಗುತ್ತಿತ್ತು. ಪ್ರತಿ ಸಲ ಪ್ರೋಗ್ರಾಮ್ ತಿದ್ದುವ ತಾಪತ್ರಯವೇ ಬೇಡವೆಂದು ಅವರು ಒಂದು ಪುಟ್ಟ ಭಾಷೆಯನ್ನೇ ಕಟ್ಟಿದ್ದರು. ಗುಮಾಸ್ತರು ಅದರಲ್ಲಿ ಸರಳ ಆಜ್ಞೆಗಳನ್ನು ಬರೆದರೆ, ಸರ್ ಸಿಯಲ್ಲಿ ಬರೆದ ಇಂಟರ್‌ಪ್ರಿಟರ್ ಅವನ್ನು ಓದಿ ಪಟ್ಟಿ ತಯಾರಿಸುತ್ತಿತ್ತು. ಅದರ ಹೊಟ್ಟೆಯೊಳಗೆ ಅರವತ್ಮೂರು ಫಂಕ್ಷನ್‌ಗಳು, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಕೋಡಿನ ತುಣುಕು. “ಶಿವಭಕ್ತರೊಳಗ ಅರವತ್ಮೂರು ಪುರಾತನರು ಇದ್ದಂಗ, ಒಬ್ಬರನ್ನೂ ಬಿಡೂಹಂಗಿಲ್ಲ” ಎನ್ನುತ್ತಿದ್ದರು. ಒಂದೊಂದೂ ಹೇಗೆ ಕೆಲಸ ಮಾಡುತ್ತದೆಂಬುದು ಅವರ ತಲೆಯಲ್ಲಷ್ಟೇ ಇತ್ತು. ನಿವೃತ್ತಿಯ ಮೊದಲು ಎಲ್ಲವನ್ನೂ ಬರೆಸಿಡಬೇಕು, ಇಲ್ಲದಿದ್ದರೆ ತಮ್ಮ ಹಿಂದೆಯೇ ಭಾಷೆಯೂ ಸಾಯುತ್ತದೆ ಎಂಬುದೊಂದೇ ಅವರಿಗೆ ಚಿಂತೆ.

ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ ನಾನು ಕೋಡ್ ಓದುವುದು, ಅವರು ವಿವರಿಸುವುದು, ನಾನು ರಟ್ಟಿನ ನೋಟುಬುಕ್ಕಿನಲ್ಲಿ ಬರೆಯುವುದು. ಪ್ರತಿ ಫಂಕ್ಷನ್ನಿಗೂ ಮೂರು ಸಾಲು: ಏನು ತೆಗೆದುಕೊಳ್ಳುತ್ತದೆ, ಏನು ಕೊಡುತ್ತದೆ, ಕೊಟ್ಟದ್ದರ ಮೆಮೊರಿಯನ್ನು ಕೆಲಸವಾದ ಮೇಲೆ ಬಿಟ್ಟುಕೊಡಬೇಕಾದವರು ಯಾರು, ಕರೆದವರೋ, ಅಂದರೆ ಆ ಫಂಕ್ಷನ್ನನ್ನು ಬಳಸಿಕೊಂಡ ಕೋಡೋ, ಇಲ್ಲಾ ಇಂಟರ್‌ಪ್ರಿಟರೋ. ಮೂರನೆಯ ಸಾಲಿನಲ್ಲಿ ಅವರು ಬಲು ಕಟ್ಟುನಿಟ್ಟು. ನಮ್ಮ ಕಡೆ ಮದುವೆಗೆ ಓಣಿಯವರ ಪಾತ್ರೆ ತರುತ್ತಾರೆ, ಕಲಸಿ ಹೋಗದಿರಲೆಂದು ಪ್ರತಿಯೊಂದರ ಮೇಲೂ ಮನೆಯವರ ಹೆಸರು ಕೊರೆಸಿರುತ್ತಾರೆ. “ಭಾಂಡೆ ಯಾರದು ಅಂತ ಮೊದಲ ನೋಡವಾ. ನಮ್ಮದಲ್ಲದ್ದು ನಾವು ಗುಜರಿಗೆ ಹಾಕಬಾರದು” ಎನ್ನುವರು. ಬರೆದ ಮೂರೂ ಸಾಲುಗಳನ್ನು ನಾನು ಗಟ್ಟಿಯಾಗಿ ಓದಿ ಒಂದು ಫಂಕ್ಷನ್ ಮುಗಿಸಿದರೆ ಕಣ್ಣು ಮುಚ್ಚಿಕೊಂಡೇ “ಹ್ಞೂ, ಮುಂದ?” ಎಂದು ಕೇಳುವರು.

ಕಣ್ಣು ತೋರಿಸಲು ಮಿರಜಿಗೆ ಹೋಗುವಾಗ ಕೊನೆಯ ಹನ್ನೊಂದು ಫಂಕ್ಷನ್‌ಗಳನ್ನು ನನ್ನ ಪಾಲಿಗೆ ಬಿಟ್ಟರು. ಕೋಡ್ ಪೂರ್ತಿ ಓದದೆ ಒಂದಕ್ಷರವನ್ನೂ ಬರೆಯಬೇಡ ಎಂದು ಎರಡು ಸಲ ಹೇಳಿದರು. ಹತ್ತನ್ನು ಹಾಗೆಯೇ ಬರೆದೆ. ಕೊನೆಯದು, ಒಳಗೆ ಕಾಪಿಟ್ಟ ರೈತರ ಹೆಸರನ್ನು ಹುಡುಕಿ ಕೊಡುವಂಥದ್ದು. ಬಸ್ಸಿಗೆ ಹೊತ್ತಾಗಿತ್ತು. ಹಿಂದಿನದೂ ಇಂಥದ್ದೇ ಇತ್ತಲ್ಲ ಎಂದು ಅದರ ಮೂರನೆಯ ಸಾಲನ್ನೇ ಇಲ್ಲಿಯೂ ನಕಲು ಮಾಡಿದೆ: ಕರೆದವರೇ ಬಿಟ್ಟುಕೊಡಬೇಕು. ಬಸ್ಸು ಸಿಕ್ಕಿತು.

ಸರ್ ಮಿರಜಿನಿಂದ ಬಂದಾಗ ಹಣೆ ಗಾಜಿಗೆ ತಾಗಿಸಿದರೂ ಅಕ್ಷರ ಕಾಣುತ್ತಿರಲಿಲ್ಲ. ನೋಟುಬುಕ್ಕಿನ ರಟ್ಟಿನ ಮೇಲೆ ಕೈಯಾಡಿಸಿ ಕೇಳಿದರು, “ಎಲ್ಲಾ ಕೋಡ್ ಓದೇ ಬರದೀಯೇನವಾ?”

“ಹೌದ್ರಿ ಸರ್.”

“ಹಂಗಾರ ಸಾಕು ಬಿಡು. ನೀ ನೋಡಿದ್ದು ನಾ ನೋಡಿದಂಗ.”

ಅವರು ನಿವೃತ್ತರಾಗಿ ಹಾರೂಗೇರಿಯಲ್ಲಿ ಮನೆ ಮಾಡಿದರು. ಅವರ ಜಾಗಕ್ಕೆ ಬಂದ ಪ್ರೋಗ್ರಾಮರ್ ನಮ್ಮ ನೋಟುಬುಕ್ಕನ್ನು ನಂಬಿ ಇಂಟರ್‌ಪ್ರಿಟರಿಗೆ ಹೊಸ ಭಾಗವೊಂದನ್ನು ಸೇರಿಸಿದ. ಅವನ ತಪ್ಪೇನಿಲ್ಲ. ಹಂಗಾಮು ಭರದಲ್ಲಿದ್ದಾಗ ಪಾಳಿ ಪಟ್ಟಿಯಲ್ಲಿ ರೈತರ ಹೆಸರಿನ ಜಾಗಕ್ಕೆ ಅರ್ಥವಿಲ್ಲದ ಗುರುತುಗಳು ಬಂದವು, ಆಮೇಲೆ ಕಂಪ್ಯೂಟರೇ ನಿಂತಿತು. ಕಬ್ಬು ಕಡಿಯುವ ಗ್ಯಾಂಗಿನವರು ಯಾರ ಹೊಲಕ್ಕೆ ಹೋಗಬೇಕೆಂದು ತಿಳಿಯದೆ ಎರಡು ದಿನ ಕುಳಿತರು. ಕಣ್ಣಿಲ್ಲದವರು ಕಟ್ಟಿದ ಭಾಷೆ ಇನ್ನೆಂಥದ್ದಿದ್ದೀತು ಎಂದು ಆಡಳಿತದವರು ಅದನ್ನು ಕಿತ್ತುಹಾಕಿಸಿ ಪುಣೆಯಿಂದ ಸಿದ್ಧ ಪ್ಯಾಕೇಜ್ ತರಿಸಿದರು. ನಾನು ಅರವತ್ಮೂರನೆಯ ಫಂಕ್ಷನ್ನಿನ ಕೋಡನ್ನು ಅಂದು ಮೊದಲ ಸಲ ಪೂರ್ತಿ ಓದಿದೆ. ಆ ಹೆಸರು ಇಂಟರ್‌ಪ್ರಿಟರಿನ ಸ್ವಂತದ್ದು. ಕರೆದವರು ಅದನ್ನು ಮುಟ್ಟುವಂತೆಯೇ ಇರಲಿಲ್ಲ, ಆದರೆ ನನ್ನ ಸಾಲನ್ನು ನಂಬಿದ ಹೊಸ ಭಾಗ ಅದನ್ನು ಪ್ರತಿ ಸಲವೂ ಬಿಟ್ಟುಕೊಡುತ್ತಿತ್ತು. ಇದನ್ನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಸರ್‌ಗಾದರೂ ಹೇಳಿಬಿಡಬೇಕೆಂದು ಹಾರೂಗೇರಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ನನ್ನ ದನಿ ಕೇಳಿದ್ದೇ ಅವರು ಕೈ ಮುಗಿದರು. “ಎಲ್ಲೋ ನಾನ ತಪ್ಪೀನಿ ತಂಗಿ. ದಿನಾ ಅರವತ್ಮೂರೂ ಮನಸ್ಸಿನ್ಯಾಗ ಓಡಿಸಿ ನೋಡ್ತೀನಿ, ಎಲ್ಲಿ ತಪ್ಪೈತಿ ಅಂತ ಸಿಗವಲ್ದು. ನೀ ಪಟ್ಟ ಕಷ್ಟ ಎಲ್ಲಾ ನನ್ನಿಂದ ದಂಡ ಆತು.”

ಊಟದ ನಡುವೆಯೂ ಬೆರಳು ಮಡಿಚಿ ಎಣಿಸುತ್ತಾರೆ, ರೊಟ್ಟಿ ಹಾಗೇ ಉಳಿಯುತ್ತದೆ ಎಂದು ಅವರ ಹೆಂಡತಿ ಚಹಾ ಕೊಡುತ್ತ ಹೇಳಿದರು. ನನ್ನ ಒಂದು ಮಾತಿನಿಂದ ಆ ಎಣಿಕೆ ನಿಲ್ಲುತ್ತಿತ್ತು. ನಾನು ಹೇಡಿ, ಚಹಾ ಕುಡಿದೆ. ಮುಂದಿನ ವಾರ ಹೇಳಿದರಾಯಿತೆಂದು ಎದ್ದು ಬಂದೆ. ಮುಂದಿನ ವಾರ ಹೋಗಲಿಲ್ಲ, ಅದರ ಮುಂದಿನ ವಾರವೂ ಹೋಗಲಿಲ್ಲ. ಶ್ರಾವಣದಲ್ಲಿ ಅವರು ತೀರಿಕೊಂಡರು.

ಅವರ ಮಣ್ಣಿಗೆ ಹೋಗಿ ಬಂದ ದಿನ ನೋಟುಬುಕ್ ತೆರೆದು ಆ ಸಾಲನ್ನು ಹೊಡೆದುಹಾಕಿದೆ. ಹೆಸರು ಇಂಟರ್‌ಪ್ರಿಟರಿನದು, ಕರೆದವರು ಬಿಟ್ಟುಕೊಡಬಾರದು ಎಂದು ಬರೆದೆ. ಓದಿ ಉಪಯೋಗಿಸುವವರು ಆಗಲೇ ಯಾರೂ ಇರಲಿಲ್ಲ. ಆದರೂ ಹಿಂದಿನ ರೂಢಿಯಂತೆ ಮೂರೂ ಸಾಲುಗಳನ್ನು ಗಟ್ಟಿಯಾಗಿ ಓದಿ, “ಹ್ಞೂ, ಮುಂದ?” ಎನ್ನುವ ದನಿಗಾಗಿ ಸ್ವಲ್ಪ ಹೊತ್ತು ಕುಳಿತೆ.