ಮುಗದದಿಂದ ಬರುತ್ತಿದ್ದ ಗುಂಡುಹುಳ

ಅಕ್ಕನನ್ನು ಮುಗದ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟ ಮೇಲೆ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಗುಂಡುಹುಳದ ಹುಚ್ಚು ನನ್ನೊಬ್ಬನಿಗೇ ಉಳಿಯಿತು. ಬಚ್ಚಲ ಕಲ್ಲಿನ ಸಂದಿಯಲ್ಲಿರುವ, ಮುಟ್ಟಿದರೆ ಮೈ ಮಡಚಿ ಮೆಣಸಿನ ಕಾಳಿನಂತೆ ಉರುಳುವ ಆ ಪ್ರಾಣಿ ಖರೇ ಹೇಳಬೇಕೆಂದರೆ ಹುಳವೇ ಅಲ್ಲ, ಏಡಿಯ ಬಳಗ. ಬಲ್ಲವರು ಐಸೊಪಾಡ್ ಅನ್ನುತ್ತಾರೆ. ಚಿಕ್ಕಂದಿನಿಂದ ನಾವಿಬ್ಬರೂ ಅವನ್ನು ಉಪ್ಪಿನಕಾಯಿ ಬಾಟಲಿಗಳಲ್ಲಿ ಹಸಿಮಣ್ಣು, ಕೊಳೆತ ಎಲೆ ಹಾಕಿ ಸಾಕುತ್ತಿದ್ದೆವು. ಹಿಡಿಯುವವನು ನಾನು, ಆರಿಸುವವಳು ಅವಳು. ನಾನು ಅಂಗೈ ತುಂಬ ತಂದರೆ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಒಂದನ್ನು ಇಟ್ಟುಕೊಂಡು ಉಳಿದವನ್ನೆಲ್ಲ ಬಿಟ್ಟು ಬಾ ಎನ್ನುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆದರೆ ಆ ಒಂದರ ಬೆನ್ನಂಚಿಗೆ ಕೆನೆಬಣ್ಣದ ಗೆರೆಯೋ, ಬೂದುಬಣ್ಣದವುಗಳ ನಡುವೆ ಇಟ್ಟಿಗೆಗೆಂಪೋ, ಏನೋ ಒಂದು ಇದ್ದೇ ಇರುತ್ತಿತ್ತು.

ನಾಗರಪಂಚಮಿಗೆ ತವರಿಗೆ ಬಂದವಳು ಹೊರಡುವಾಗ ಅವ್ವ ಒಂದು ಸ್ಟೀಲಿನ ಡಬ್ಬಿ ತುಂಬ ಉಂಡಿ ಕಟ್ಟಿ ಕೊಡುತ್ತಿದ್ದಳು. ಡಬ್ಬಿ ಮರುವರ್ಷ ಅಕ್ಕನ ಜೊತೆಗೇ ತಿರುಗಿ ಬರುತ್ತಿತ್ತು. ನಮ್ಮಲ್ಲಿ ಯಾರದೇ ಡಬ್ಬಿಯನ್ನು ಖಾಲಿ ಕೊಡುವುದಿಲ್ಲ, ಏನಿಲ್ಲವೆಂದರೂ ಒಂದು ಮುಷ್ಟಿ ಸಕ್ಕರೆ ಹಾಕುತ್ತಾರೆ. ಮೊದಲ ಸಲ ಡಬ್ಬಿ ಬಂದಾಗ ಅವ್ವ ಮುಚ್ಚಳ ತೆಗೆದು ಹೌಹಾರಿದಳು. ಒಳಗೆ ಒದ್ದೆ ಎಲೆ, ಎಲೆಯಡಿ ಏಳೆಂಟು ಗುಂಡುಹುಳ. ಅವ್ವ ಬೈಯುತ್ತಲೇ ಆ ಡಬ್ಬಿಯನ್ನು ಬೂದಿ ಹಚ್ಚಿ ಮೂರು ಸಲ ತಿಕ್ಕಿದಳು. ಅಕ್ಕ ನನ್ನನ್ನು ನೋಡಿ ನಗುತ್ತಿದ್ದಳು. ಅತ್ತೆಮನೆಯಲ್ಲಿ ಕಸ ಚೆಲ್ಲಲು ತಿಪ್ಪೆಗೆ ಹೋದಾಗ, ನೀರಿಗೆಂದು ಬಾವಿಗೆ ಹೋದಾಗ, ಯಾರೂ ನೋಡದಂತೆ ಕಲ್ಲೆತ್ತಿ ಆರಿಸಿದವು ಅವು. ಆಮೇಲೆ ಪ್ರತಿ ಪಂಚಮಿಗೂ ಅದೇ ನಡೆಯಿತು. ನಾನು ವರ್ಷವಿಡೀ ಆ ಡಬ್ಬಿಯ ದಾರಿ ಕಾಯುತ್ತಿದ್ದೆ.

ಎರಡು ಸಾವಿರದ ಇಸವಿಯ ನಂತರ ಕೇಶ್ವಾಪುರದ ಒಂದು ಇಂಟರ್ನೆಟ್ ಅಂಗಡಿಗೆ ಹೋಗಿ ಕೂಡತೊಡಗಿದೆ. ಜಗತ್ತಿನಲ್ಲಿ ಹಳದಿ ಚುಕ್ಕೆಯವು, ನೀಲಿಯವು, ಮುಳ್ಳಿನವು ಇವೆಯೆಂದು ಗೊತ್ತಾಯಿತು. ಜಂಬ ತಲೆಗೇರಿತು. ಮುಂಬೈಯಿಂದ ಬಿಳಿ ಚುಕ್ಕೆಯ ಹುಳಗಳನ್ನು ಕೊರಿಯರ್‌ನಲ್ಲಿ ತರಿಸಿದೆ. ಆ ಪಂಚಮಿಗೆ ಅಕ್ಕ ಡಬ್ಬಿಯನ್ನು ಅವ್ವನ ಕೈಗೂ ಕೊಡದೆ ಸೀದಾ ನನ್ನ ಹತ್ತಿರ ತಂದಳು.

"ಈ ಸಲ ಮೂರ ಸಿಕ್ಕಾವು ತಮ್ಮಾ. ಇಂಥಾವು ನೀ ನೋಡೇ ಇಲ್ಲ."

ನಾನು ಬಗ್ಗಿ ಕೂಡ ನೋಡಲಿಲ್ಲ. "ಇವು ಎಲ್ಲಾ ಕಡೆ ಸಿಗ್ತಾವ ಅಕ್ಕಾ. ಬಾಟ್ಲ್ಯಾಗ ಜಾಗಾ ಇಲ್ಲ" ಎಂದೆ. ಎಂಥ ಮೂರ್ಖ ನಾನು! ಅವಳು ಹಿತ್ತಲಿಗೆ ಹೋಗಿ ದಾಸವಾಳದ ಬುಡದಲ್ಲಿ ಡಬ್ಬಿ ಬೋರಲು ಮಾಡಿ, ತಾನೇ ತೊಳೆದಿಟ್ಟಳು.

ಮರುವರ್ಷ ಡಬ್ಬಿಯಲ್ಲಿ ಸಕ್ಕರೆ ಇತ್ತು. ಮಗಳಿಗೆ ಈಗ ಬುದ್ಧಿ ಬಂತೆಂದು ಅವ್ವನಿಗೆ ಖುಷಿ. ನಾನು ಅಕ್ಕನನ್ನು ಹುಳ ಯಾಕೆ ತರಲಿಲ್ಲವೆಂದು ಕೇಳಿದೆ.

"ಅವು ಎಲ್ಲಾ ಕಡೆ ಸಿಗ್ತಾವಲ್ಲೋ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ನನ್ನ ಮಾತನ್ನು ಅವಳು ನಂಬಿಬಿಟ್ಟಿದ್ದಳು.

ಮುಂಬೈಯ ಹುಳಗಳು ಮುಂದಿನ ಬೇಸಿಗೆ ದಾಟಲಿಲ್ಲ. ದಾಸವಾಳದ ಬುಡವನ್ನು ಎಷ್ಟು ಸಲ ಕೆದಕಿದ್ದೇನೋ ಲೆಕ್ಕವಿಲ್ಲ, ಬರೀ ಬೂದುಬಣ್ಣದವೇ ಸಿಗುತ್ತವೆ. ಆ ಮೂರು ಹೇಗಿದ್ದವೆಂದು ಅಕ್ಕನನ್ನು ಒಮ್ಮೆ ಕೇಳಿದೆ. ಅವಳಿಗೆ ನೆನಪಿರಲಿಲ್ಲ. ಮುಗದಕ್ಕೆ ಹೋದಾಗ ಬಾವಿಯ ಹತ್ತಿರ ಕಲ್ಲೆತ್ತಿ ನೋಡುತ್ತೇನೆ. ಅಕ್ಕ ಚಹಾ ಹಿಡಿದು ಪಕ್ಕದಲ್ಲೇ ನಿಂತು ಮಕ್ಕಳ ಶಾಲೆಯ ಸುದ್ದಿ ಹೇಳುತ್ತಾಳೆ. ಕಲ್ಲಿನಡಿ ಮಾತ್ರ ನೋಡುವುದಿಲ್ಲ.

ಪಂಚಮಿಗೆ ಡಬ್ಬಿಯ ಮುಚ್ಚಳ ಈಗಲೂ ನಾನೇ ತೆಗೆಯುತ್ತೇನೆ. ಅವ್ವ ಬೈದರೂ, ಸಕ್ಕರೆಯಲ್ಲಿ ಬೆರಳಿಟ್ಟು ತಳದವರೆಗೂ ಕೆದಕಿ ನೋಡುತ್ತೇನೆ.