ಕೆಳಗಿಂದ ಹಿಡಿದ ಗ್ರಹಣ

ನಮ್ಮ ಡ್ರಾಯಿಂಗ್ ಮಾಸ್ತರರ ಮುಖದಲ್ಲಿ ಎಡಗಣ್ಣಿಗೆ ಬಲಗಣ್ಣಿಗಿಂತ ಹೆಚ್ಚು ವಯಸ್ಸಾಗಿತ್ತು. ಬಲಗಣ್ಣನ್ನು ದುರ್ಬೀನಿಗೆ ಹಚ್ಚಿ ಎಡಗಣ್ಣನ್ನು ಮುಚ್ಚಿ ಮುಚ್ಚಿ ಅದರ ಸುತ್ತ ಸುಕ್ಕುಗಳು ಬಿದ್ದಿದ್ದವು. ನಗುವಾಗ ಆ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಗೋಕಾಕದ ಪೇಟೆಗೆ ಹೊಸದಾಗಿ ಬಂದವರು ಮಾಸ್ತರರು ತಮಗೆ ಕಣ್ಣು ಹೊಡೆದರೆಂದು ತಿಳಿದು ಗಲಿಬಿಲಿಗೊಂಡದ್ದುಂಟು. ಕರಿಯ ಮುಚ್ಚುಗೊರಳಿನ ಕೋಟು, ಬಿಳಿ ರುಮಾಲು, ಕೋಟಿನ ಬಲಕಿಸೆಯ ಮೇಲೆ ಯಾವಾಗಲೂ ಖಡುವಿನ, ಅಂದರೆ ಸೀಮೆಸುಣ್ಣದ, ಬಿಳಿ ಕಲೆ. ಹುಕ್ಕೇರಿ ತಾಲೂಕಿನ ದಡ್ಡಿಯಿಂದ ಬಂದವರು. ಸಾಲಿಯಲ್ಲಿ ಚಿತ್ರ ಕಲಿಸುತ್ತಿದ್ದರು. ಸಂಜೆಯಾದ ಮೇಲೆ ನಮ್ಮ ಮಂಡಳಿಗೆ ಆಕಾಶ ತೋರಿಸುತ್ತಿದ್ದರು.

ಮಂಡಳಿಗೆ ಖಗೋಲ ವೀಕ್ಷಣ ಮಂಡಳಿ ಎಂದು ಅವರೇ ಹೆಸರಿಟ್ಟಿದ್ದರು. ನಕ್ಷತ್ರಕ್ಕೆ ಚಿಕ್ಕಿ ಎನ್ನುವ ಊರವರು ಅದನ್ನು ಚಿಕ್ಕಿ ಮಂಡಳಿ ಎಂದು ಕರೆದರು. ಆ ಹೆಸರೇ ಉಳಿಯಿತು. ನಾನು ಆಗ ಕಲಿಕೆ ಮುಗಿಸಿ, ಬೆಳಗಾವಿಯ ಒಂದು ವಾರಪತ್ರಿಕೆಗೆ ಗೋಕಾಕದ ಸುದ್ದಿ ಬರೆದು ಕಳಿಸುತ್ತಿದ್ದೆ. ಸುದ್ದಿ ಸಿಗದ ವಾರ ಮಂಡಳಿಯ ಬಗ್ಗೆಯಾದರೂ ಬರೆಯಬಹುದು ಎಂಬ ಆಸೆಯಿಂದ ಅದನ್ನು ಸೇರಿದೆ. ಚಿಕ್ಕಿಯ ಮೇಲಿನ ಪ್ರೀತಿ ಆಮೇಲೆ ಬಂತು.

ದುರ್ಬೀನು ಮಾಸ್ತರರೇ ಮಾಡಿಸಿದ್ದು. ಗಾಜುಗಳನ್ನು ಎಲ್ಲಿಂದಲೋ ತರಿಸಿ, ಕೊಳವೆಯನ್ನು ಊರಿನ ಆಟಿಕೆ ಮಾಡುವವರಿಂದ ಹಗುರ ಕಟ್ಟಿಗೆಯಲ್ಲಿ ಮಾಡಿಸಿದ್ದರು. ಬಣ್ಣವಿಲ್ಲದೆ ಒಂದು ಸಾಮಾನು ಅಂಗಡಿಯಿಂದ ಹೊರಗೆ ಹೋಗುವುದು ಆಟಿಕೆಯವರಿಗೆ ಸಹನವಾಗಲಿಲ್ಲ. ಕೊಳವೆಯ ಮೈತುಂಬ ಕೆಂಪು ಹಳದಿ ಪಟ್ಟೆ ಬಳಿದು, ಬಾಯಿಯ ಸುತ್ತ ಒಂದು ಹಸಿರು ಬಳ್ಳಿ ಬಿಡಿಸಿ ಕೊಟ್ಟರು. ಅದನ್ನು ಚಕ್ಕಡಿಯಲ್ಲಿಟ್ಟುಕೊಂಡು ಧುಪದಾಳದ ಒಡ್ಡಿನ ಕಡೆ ಹೋದರೆ ದಾರಿಯಲ್ಲಿ ಮಂದಿ ಯಾವ ಊರಿನ ಆಟದವರು ಎಂದು ಕೇಳುತ್ತಿದ್ದರು. ಒಡ್ಡಿನ ಕಾವಲುಗಾರ ಒಮ್ಮೆ ಅದರ ಸುತ್ತ ತಿರುಗಿ ನೋಡಿ, ‘ಇದರಾಗ ಮುಂದಿನ ತಿಂಗಳದ ನೀರು ಕಾಣ್ತೈತೇನ್ರಿ ಮಾಸ್ತರ?’ ಅಂದ. ‘ಇಲ್ಲಪಾ, ಇದರಾಗ ಹಿಂದಿಂದs ಕಾಣ್ತೈತಿ. ಅಲ್ಲಿಂದ ಬೆಳಕು ಹೊಂಟು ಬಾಳ ದಿನಾ ಆಗಿರ್ತೈತಿ’ ಅಂದರು ಮಾಸ್ತರರು. ‘ಹಂಗಾರ ನಮ್ಮ ಸಾಹೇಬ್ರ ಟಪಾಲ ಇದ್ದಂಗ’ ಎಂದು ಅವನು ತನ್ನ ಗುಡಿಸಲಿಗೆ ಹೋದ.

ಮಂಡಳಿ ಸೇರುತ್ತಿದ್ದದ್ದು ಅರಳೆ ಸಾವಕಾರರ ಗೋದಾಮಿನ ಮಾಳಿಗೆಯ ಮೇಲೆ. ಊರಲ್ಲಿ ಅಷ್ಟು ಎತ್ತರದ, ಸುತ್ತಲೂ ಮರವಿಲ್ಲದ ಮಾಳಿಗೆ ಬೇರೆ ಇರಲಿಲ್ಲ. ಮನೆಯಿಂದ ಕಟ್ಟಿಕೊಂಡು ಬಂದ ರೊಟ್ಟಿ, ಶೇಂಗಾ ಹಿಂಡಿ ಮೊದಲು ತಿಂದು ಮುಗಿಸಬೇಕು. ಆಮೇಲೆ ಒಬ್ಬೊಬ್ಬರೇ ದುರ್ಬೀನಿನಲ್ಲಿ ನೋಡಬೇಕು. ನೋಡಿದವರು ತುಟಿ ಬಿಚ್ಚದೆ ಹೋಗಿ ತಮ್ಮ ತಮ್ಮ ಪಾಟಿಯ ಮೇಲೆ ಬಳಪದಿಂದ ಕಂಡದ್ದನ್ನು ಬರೆಯಬೇಕು. ಎಲ್ಲರದೂ ಮುಗಿದ ಮೇಲೆ ಪಾಟಿಗಳನ್ನು ಸಾಲಾಗಿ ಇಟ್ಟು ಕಂದೀಲು ಹಿಡಿಯುತ್ತಿದ್ದರು. ಒಮ್ಮೆ ನಾನು ಗುರುಗ್ರಹದ ಪಕ್ಕ ಪುಸ್ತಕದಲ್ಲಿದ್ದಂತೆ ನಾಲ್ಕು ಚಂದ್ರರನ್ನು ಬರೆದಿದ್ದೆ. ಉಳಿದವರ ಪಾಟಿಯಲ್ಲಿ ಮೂರೇ ಇದ್ದವು.

‘ನಾಕನೇದು ಕಂಡಿತೇನು, ತಮ್ಮಾ?’

‘ಇರಬೇಕಲ್ರಿ, ಅಲ್ಲೇ ಎಲ್ಲೋ.’

‘ಇರಬೇಕಾದ್ದು ಪುಸ್ತಕದಾಗ ಇರಲಿ. ಕಂಡದ್ದು ಪಾಟಿ ಮ್ಯಾಲ ಬರಲಿ.’

ಇದು ಅವರ ದಿನದ ಮಾತು. ಮಳೆಗಾಲದಲ್ಲಿ ಮೋಡ ಮುಚ್ಚಿದಾಗಲೂ ಮಂಡಳಿಗೆ ರಜೆ ಇರಲಿಲ್ಲ. ಗೋದಾಮಿನೊಳಗೆ ಒಂದು ತಾಮ್ರದ ಕೊಡವನ್ನಿಟ್ಟು, ಒಂದು ಬಾಜೂ ದೀಪ ಹಚ್ಚಿ, ಕತ್ತಲು ಎಲ್ಲಿ ಶುರುವಾಗುತ್ತದೆ ನೋಡಿ ಬರೆಯಿರಿ ಎನ್ನುತ್ತಿದ್ದರು. ಬೆಳಕು ಕತ್ತಲಿನ ನಡುವೆ ಗೆರೆ ಇರುವುದಿಲ್ಲ ಎಂಬುದು ಆ ಕೊಡದಿಂದ ನನಗೆ ತಿಳಿಯಿತು. ಮುಂದೆ ಕೋರ್ಟಿನ ವರದಿ ಬರೆಯುವಾಗ ಆ ಕೊಡ ಎಷ್ಟೋ ಸಲ ನೆನಪಾಗಿದೆ.

ಒಂದು ವರ್ಷ ಸಂಜೆಯ ಹೊತ್ತಿಗೆ ಚಂದ್ರಗ್ರಹಣ ಬಂತು. ಚಂದ್ರ ಮೂಡಿ ಸ್ವಲ್ಪ ಮೇಲೇರುತ್ತಲೇ ನೆರಳು ಹಿಡಿಯುವುದಿತ್ತು. ಮಂಡಳಿಯ ಪರವಾಗಿ ಊರವರನ್ನೆಲ್ಲ ಮಾಳಿಗೆಗೆ ಕರೆಯಬೇಕೆಂದು ಮಾಸ್ತರರು ನಿಶ್ಚಯಿಸಿದರು. ಸಾವಕಾರರು ಅಡ್ಡಿ ಮಾಡಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು.

‘ಮಾಸ್ತರ, ಗ್ರಹಣದಾಗ ಮಾಳಿಗಿ ಮ್ಯಾಲ ಮಂದಿ ಕೂಡಸೂದು ನಮ್ಮವ್ವಗ ಮನಸಿಲ್ರಿ. ಮೊದಲs ಊರಾಗ ಆಡಿಕೊಳ್ಳಾಕತ್ತಾರ. ನಿಮ್ಮ ಮ್ಯಾಲಿನ ವಿಶ್ವಾಸದಿಂದ ಹೂಂ ಅಂತೇನಿ. ಆದ್ರ ನೀವು ಹೇಳಿದ್ದು ಸುಳ್ಳಾತಂದ್ರ ಮುಂದ ಮಾಳಿಗಿ ಕೇಳಬ್ಯಾಡ್ರಿ.’

ಮಾಸ್ತರರು ಒಪ್ಪಿದರು. ಬೇರೆ ಮಾಳಿಗೆ ಇಲ್ಲ, ಮಾಳಿಗೆ ಹೋದರೆ ಮಂಡಳಿ ಹೋಯಿತು ಎಂಬುದು ನಮಗೆಲ್ಲ ಗೊತ್ತಿತ್ತು.

ಸಂತೆಯ ಬಯಲಿನಲ್ಲಿ ನಮ್ಮದೊಂದು ಹಲಗೆ ಇತ್ತು. ಅದರ ಮೇಲೆ ಮಾಸ್ತರರು ಗ್ರಹಣದ ವೇಳೆ ಬರೆದು, ಕೆಳಗೆ ದೊಡ್ಡದೊಂದು ಚಂದ್ರನ ಚಿತ್ರ ತೆಗೆದು, ಮೇಲಿನ ಅಂಚಿಗೆ ಕಪ್ಪು ಹಚ್ಚಿ, ‘ನೆರಳು ಮೇಲಿನಿಂದ ಹಿಡಿಯುತ್ತದೆ’ ಎಂದು ಬರೆದರು. ಹಿಂದೊಮ್ಮೆ ಇಂಥದೇ ಸಂಜೆ ಗ್ರಹಣವನ್ನು ನೋಡಿ ತಾವು ಬರೆದು ಅಳಿಸದೆ ಕಾಯ್ದಿಟ್ಟಿದ್ದ ಪಾಟಿಯಿಂದ ಅದನ್ನು ಇಳಿಸಿಕೊಂಡಿದ್ದರು. ವೇಳೆಯನ್ನು ಮಾತ್ರ ಪಂಚಾಂಗದಿಂದ ತೆಗೆದುಕೊಂಡಿದ್ದರು. ಪಂಚಾಂಗವನ್ನು ಅವರು ಎಂದೂ ಹಗುರ ಮಾಡಿ ಮಾತಾಡಲಿಲ್ಲ.

ಆ ಸಂಜೆ ಮಾಳಿಗೆ ತುಂಬಿ, ಮೆಟ್ಟಿಲು ತುಂಬಿ, ಮಂದಿ ಓಣಿಯಲ್ಲೂ ನಿಂತಿತ್ತು. ಕೌಜಲಗಿಯಿಂದ ಎರಡು ಚಕ್ಕಡಿ ಬಂದಿದ್ದವು. ಸಾವಕಾರರ ತಾಯಿ ಸ್ನಾನ ಮಾಡಿ, ವಿಭೂತಿ ಧರಿಸಿ, ಒಂದು ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಮನಸ್ಸಿಲ್ಲ ಅಂದವರು ಎಲ್ಲರಿಗಿಂತ ಮೊದಲೇ ಬಂದು ಜಾಗ ಹಿಡಿದಿದ್ದರು. ಹೇಳಿದ ವೇಳೆಗೆ ಸರಿಯಾಗಿ ಚಂದ್ರನ ಅಂಚು ಮಸುಕಾಯಿತು. ಮೇಲಿನ ಅಂಚಲ್ಲ, ಕೆಳಗಿನದು.

ಮಂದಿ ಚಂದ್ರನನ್ನು ನೋಡಿ ಮಾಸ್ತರರ ಕಡೆ ತಿರುಗಿತು. ಆಮೇಲೆ ಮೂಲೆಯಿಂದ ಅಜ್ಜಿಯ ದನಿ ಬಂತು. ‘ಏ ಮಾಸ್ತರ, ರಾಹು ನಿಮ್ಮ ಹಲಗಿ ಓದಿಲ್ಲ ಅಂತ ಕಾಣ್ತೈತಿ.’

ಮಾಳಿಗೆಯೆಲ್ಲ ನಕ್ಕಿತು. ನಗೆ ಮೆಟ್ಟಿಲಿಳಿದು ಓಣಿಗೂ ಹೋಯಿತು. ಮಾಸ್ತರರು ಬರಿಗಣ್ಣಿನಿಂದ ಚಂದ್ರನನ್ನು ನೋಡಿದರು. ದುರ್ಬೀನಿಗೆ ಕಣ್ಣು ಹಚ್ಚಿದರು. ಮತ್ತೆ ಬರಿಗಣ್ಣಿನಿಂದ ನೋಡಿದರು. ಪಕ್ಕದಲ್ಲಿದ್ದ ನನಗೂ ಆಗ ಹೊಳೆಯಿತು. ನಮ್ಮ ದುರ್ಬೀನು ಎಲ್ಲವನ್ನೂ ತಲೆಕೆಳಗು ಮಾಡಿ ತೋರಿಸುತ್ತಿತ್ತು. ವರ್ಷಗಟ್ಟಲೆ ತಲೆಕೆಳಗಾದ ಚಂದ್ರನನ್ನೇ ಬರೆದು ಬರೆದು ಮಾಸ್ತರರ ಕೈಗೂ ನಮ್ಮ ಕೈಗೂ ಅದೇ ನೆಟ್ಟಗೆ ಆಗಿಬಿಟ್ಟಿತ್ತು. ಹಳೆಯ ಪಾಟಿಯಲ್ಲಿದ್ದದ್ದು ದುರ್ಬೀನಿನ ಗ್ರಹಣ. ಹಲಗೆ ಓದಿ ಬಂದವರು ನೋಡುತ್ತಿದ್ದದ್ದು ಬರಿಗಣ್ಣಿನ ಗ್ರಹಣ.

ಮಂಡಳಿಯಲ್ಲಿ ದವಾಖಾನೆಯ ಕಂಪೌಂಡರ್ ಒಬ್ಬರಿದ್ದರು, ಚುರುಕು ಮನುಷ್ಯ. ಅವರು ಬಗ್ಗಿ ಮಾಸ್ತರರ ಕಿವಿಯಲ್ಲಿ, ‘ಸರ, ಸಾವಕಾರ್ರನ್ನ ಲಗೂನ ಕರೀರಿ. ದುರ್ಬೀನಿನ್ಯಾಗ ನೋಡ್ಲಿ. ಅದರಾಗ ಮ್ಯಾಲಿಂದನs ಹಿಡದೈತಿ. ನಮ್ಮ ಮಾತು ಖರೆ ಆಕ್ಕೈತಿ, ಮಾಳಿಗಿನೂ ಉಳೀತೈತಿ’ ಅಂದರು.

ಅದು ಸುಳ್ಳಾಗುತ್ತಿರಲಿಲ್ಲ. ಸಾವಕಾರರ ಕಣ್ಣಿಗೆ ನೆರಳು ಮೇಲಿನಿಂದಲೇ ಕಾಣುತ್ತಿತ್ತು.

ಮಾಸ್ತರರು ದುರ್ಬೀನಿನ ಬಾಯಿಗೆ ಮುಚ್ಚಳ ಹಾಕಿದರು. ಎದ್ದು ನಿಂತು, ವರ್ಗದಲ್ಲಿ ಹಿಂದಿನ ಬೆಂಚಿನವರಿಗೆ ಕೇಳುವಂತೆ ಮಾತಾಡುವ ದನಿಯಲ್ಲಿ, ‘ನೆರಳು ಕೆಳಗಿಂದ ಹಿಡದೈತಿ. ನಾ ಹಲಗಿ ಮ್ಯಾಲ ತಪ್ಪು ಬರದೇನಿ. ಯಾಕ ತಪ್ಪಿದೆ ಅನ್ನೂದು ನನಗ ತಿಳದೈತಿ, ನಾಳೆ ಸಂತ್ಯಾಗ ತೋರಸ್ತೇನಿ. ಈಗ ಗ್ರಹಣಾ ನೋಡ್ರಿ, ಚಂದ ಐತಿ’ ಅಂದರು. ಕುಳಿತು ತಾವೂ ಬರಿಗಣ್ಣಿನಿಂದ ನೋಡತೊಡಗಿದರು. ಸಾವಕಾರರು ಕೆಳಗಿಳಿದು ಹೋದರು.

ಮರುದಿನ ಸಂತೆ. ಹಲಗೆಯ ಮೇಲಿನ ಹಳೆಯ ಚಿತ್ರವನ್ನು ಒರೆಸಿ ಹೊಸದು ತೆಗೆಯುತ್ತಾರೆಂದು ನಾನು ತಿಳಿದಿದ್ದೆ. ಅವರು ಒರೆಸಲಿಲ್ಲ. ಅದರ ಬಾಜೂ ಅಷ್ಟೇ ದೊಡ್ಡ ಇನ್ನೊಂದು ಚಂದ್ರನನ್ನು ತೆಗೆದು ಕೆಳಗಿನ ಅಂಚಿಗೆ ಕಪ್ಪು ಹಚ್ಚಿದರು. ಅಷ್ಟೇ ದೊಡ್ಡ ಅಕ್ಷರದಲ್ಲಿ ‘ಮೊದಲಿನದು ತಪ್ಪು, ಇದು ಸರಿ’ ಎಂದು ಬರೆದು ಕೆಳಗೆ ಸಹಿ ಮಾಡಿದರು. ಎದುರಿಗೆ ದುರ್ಬೀನನ್ನು ಹೂಡಿ, ಹಾಡುಹಗಲಿನಲ್ಲಿ ಸಾವಕಾರರ ಗೋದಾಮಿನ ಕಡೆ ತಿರುಗಿಸಿದರು.

ಸಂತೆಗೆ ಬಂದವರು ಚೀಲ ಬುಟ್ಟಿ ಇಳಿಸಿ ಸಾಲಿನಲ್ಲಿ ನಿಂತರು. ತಲೆಕೆಳಗಾದ ಗೋದಾಮು, ಕೆಳಗೆ ಆಕಾಶ, ಮೇಲೆ ನೆಲ. ನೋಡಿದವರು ನಗುತ್ತ ಮತ್ತೆ ಸಾಲಿನ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಸಾವಕಾರರೂ ಬಂದರು. ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

‘ಮಾಸ್ತರ, ನಮ್ಮವ್ವ ತೆಲಿ ಕೆಳಗ ಮಾಡಿ ಮೆಣಸಿನಕಾಯಿ ಒಣಗಸಾಕತ್ತಾಳ್ರೀ.’

‘ಖರೆ ಹೇಳಬೇಕಂದ್ರ ಆಕಿ ನೆಟ್ಟಗs ಅದಾಳ್ರಿ. ನಮ್ಮ ಕೊಳವಿದು ಆ ಗುಣ. ಅದನ್ನ ನಾ ಮರತಿದ್ದೆ. ಮಾತು ತಪ್ಪಿತು, ಇನ್ನ ಮಾಳಿಗಿ ಕೇಳೂದಿಲ್ರಿ’ ಅಂದರು ಮಾಸ್ತರರು.

ಸಾವಕಾರರು ಹಲಗೆಯ ಎರಡೂ ಚಂದ್ರರನ್ನು ನೋಡಿದರು. ‘ಸುಳ್ಳಾದ್ರ ಕೇಳಬ್ಯಾಡ್ರಿ ಅಂದಿದ್ದೆ. ನಿನ್ನಿ ನಾ ಇಳದು ಹೋದಾಗ ಅವ್ವ ಬಂದು ನನಗs ಬೈದಳು. ತಪ್ಪಿಗೂ ಸುಳ್ಳಿಗೂ ಫರಕ ಐತಿ, ಆ ಮನಿಷ್ಯಾ ಮಂದ್ಯಾಗ ಎದ್ದು ನಿಂತು ಹೇಳಿದ, ನೀ ಯಾವಾಗರ ಅಂಗಡ್ಯಾಗ ಹಂಗ ಹೇಳಿಯೇನು ಅಂದಳು. ಬರ್ರಿ, ಮಾಳಿಗಿ ನಿಮ್ಮದs. ಆದ್ರ ಮೆಣಸಿನಕಾಯಿ ತುಳೀಬ್ಯಾಡ್ರಿ.’

ಮಾಸ್ತರರ ಎಡಗಣ್ಣು ಮುಚ್ಚಿಕೊಂಡಿತು.

ಆ ವಾರದ ಸುದ್ದಿ ನಾನು ಬರೆಯಬೇಕಿತ್ತು. ಹಲಗೆಯ ತಪ್ಪನ್ನು ಬರೆಯಲೋ ಬಿಡಲೋ ಎಂದು ಅವರನ್ನೇ ಕೇಳಿದೆ. ಗ್ರಹಣವನ್ನು ಊರೆಲ್ಲ ನೋಡಿದೆ, ತಪ್ಪನ್ನೂ ನೋಡಿದೆ, ಮತ್ತೆ ಅಚ್ಚು ಹಾಕಿಸುವುದೇಕೆ ಎಂದೆ.

‘ನೋಡಿದವರಿಗೆ ನಿನ್ನ ಪತ್ರಿಕಿ ಬೇಕಾಗಿಲ್ಲ ತಮ್ಮಾ. ನೋಡದವರ ಸಲುವಾಗಿ ಬರಿ’ ಅಂದರು.

ಬರೆದೆ. ಅಂದಿನಿಂದ ಮಂಡಳಿಯಲ್ಲಿ ಒಂದು ಪದ್ಧತಿ ಬಂತು. ಪಾಟಿಯ ಮೇಲೆ ಚಿತ್ರದ ಪಕ್ಕದಲ್ಲಿ ಅದು ಬರಿಗಣ್ಣಿನಿಂದ ಕಂಡದ್ದೋ ದುರ್ಬೀನಿನಿಂದ ಕಂಡದ್ದೋ ಬರೆಯಲೇಬೇಕು. ‘ಏನು ಕಂಡಿ ಅಷ್ಟs ಸಾಲೂದಿಲ್ಲ. ಎದರಾಗಿಂದ ನೋಡಿದಿ ಅನ್ನೂದನ್ನೂ ಹೇಳು’ ಎನ್ನುತ್ತಿದ್ದರು ಮಾಸ್ತರರು. ಪತ್ರಿಕೆಯ ಕೆಲಸ ಎಂದು ನಾನು ಕಲಿತದ್ದು ಬಹುಮಟ್ಟಿಗೆ ಇಷ್ಟೇ. ಯಾರ ಬಾಯಿಂದ ಕೇಳಿದೆ, ಅವರು ಎಲ್ಲಿ ನಿಂತು ನೋಡಿದರು, ನಡುವೆ ಯಾವ ಗಾಜಿತ್ತು. ಬೆಳಗಾವಿಗೆ ಹೋಗಿ ಅದೇ ಪತ್ರಿಕೆಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ತಪ್ಪು ಯಾವ ಪುಟದಲ್ಲಿ ಬಿದ್ದಿತ್ತೋ ತಿದ್ದುಪಡಿ ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಬರಬೇಕೆಂದು ಹಟ ಹಿಡಿದೆ. ಜತೆಯವರು ಅದನ್ನು ನನ್ನ ವಿಕ್ಷಿಪ್ತತೆ ಎಂದುಕೊಂಡರು. ಅದು ಗೋಕಾಕದ ಸಂತೆಯ ಹಲಗೆ.

ಯುದ್ಧದ ವರ್ಷಗಳಲ್ಲಿ ಮಾಸ್ತರರು ತೀರಿಕೊಂಡರು. ಸುದ್ದಿ ತಿಳಿದ ಕೂಡಲೇ ನಾನು ಗೋಕಾಕಕ್ಕೆ ಹೊರಟೆ. ಆ ವಾರದ ಪತ್ರಿಕೆಗೆ ನಮ್ಮ ಉಪಸಂಪಾದಕರು ಒಳ್ಳೆಯ ಮನಸ್ಸಿನಿಂದ ಅವರ ಬಗ್ಗೆ ಬರೆದರು. ಪತ್ರಿಕೆ ನಾನು ಅಲ್ಲಿರುವಾಗಲೇ ಬಂತು. ಮಾಸ್ತರರ ಹೆಂಡತಿಯನ್ನು ನಾನು ಕಾಕೂ ಎನ್ನುತ್ತಿದ್ದೆ. ಅವರಿಗೆ ಓದಿ ಹೇಳಿದೆ. ‘ಗ್ರಹಣಗಳ ವಿಷಯದಲ್ಲಿ ಅವರು ಹೇಳಿದ ಮಾತು ಒಮ್ಮೆಯೂ ತಪ್ಪಲಿಲ್ಲ’ ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿ ತಡೆದರು.

‘ಒಮ್ಮೆಯೂ?’

ನಾನು ಪತ್ರಿಕೆಯನ್ನು ಮಡಿಸಿದೆ.

‘ಇದನ್ನ ತಿದ್ದಾಕ ಬರ್ತೈತೇನಪಾ?’

ಬೆಳಗಾವಿಗೆ ಮರಳಿ ತಿದ್ದುಪಡಿ ಬರೆದು ಮುಂದಿಟ್ಟೆ. ಉಪಸಂಪಾದಕರು ಚಷ್ಮಾ ತೆಗೆದು ನನ್ನನ್ನು ನೋಡಿದರು. ‘ಏನ್ರಿ ನೀವು, ಸತ್ತವರ ತಪ್ಪು ಯಾರರ ಅಚ್ಚು ಹಾಕ್ತಾರ? ಅದೂ ನಿಮ್ಮ ಗುರುಗಳದು?’

‘ಅವರ ಮನಿಯವರು ಕೇಳ್ಯಾರ್ರಿ’ ಅಂದೆ.

ಮುಂದಿನ ಸಂಚಿಕೆಯಲ್ಲಿ, ಅದೇ ಪುಟದಲ್ಲಿ, ಅದೇ ಅಕ್ಷರದಲ್ಲಿ ಅದು ಬಂತು: ‘ಗೋಕಾಕದ ದಿವಂಗತ ಡ್ರಾಯಿಂಗ್ ಮಾಸ್ತರರು ಗ್ರಹಣದ ಬಗ್ಗೆ ಹೇಳಿದ ಮಾತು ಒಮ್ಮೆಯೂ ತಪ್ಪಲಿಲ್ಲವೆಂದು ಕಳೆದ ವಾರ ಬರೆದಿದ್ದೆವು. ಅದು ಸರಿಯಲ್ಲ. ಒಮ್ಮೆ ತಪ್ಪಿತ್ತು. ಮರುದಿನ ಅದೇ ಹಲಗೆಯ ಮೇಲೆ ಅವರೇ ಅದನ್ನು ತಿದ್ದಿದರು.’

ಪತ್ರಿಕೆಯನ್ನು ನಾನೇ ಒಯ್ದು ಕೊಟ್ಟೆ. ಕಾಕೂ ಎರಡು ಸಲ ಓದಿಸಿ ಕೇಳಿದರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ‘ಈಗ ಇದು ಅವರ ಸುದ್ದಿ ಆತ್ ನೋಡು’ ಅಂದರು.