ಶಿವರಾತ್ರಿಗೆ ಮೊದಲೇ ಎದ್ದ ಗಾಳಿ

ತಂಗೆವ್ವನ ಕೊಡಲಿಗೆ ಹೆದರದ ಟ್ರ್ಯಾಕ್ಟರ್ ಡ್ರೈವರ್ ಮಹಾಲಿಂಗಪುರದಿಂದ ಮುಧೋಳದವರೆಗೆ ಒಬ್ಬನೂ ಇರಲಿಲ್ಲ. ಕಬ್ಬು ಹೇರಿಕೊಂಡು, ಹಾಡು ಹಚ್ಚಿಕೊಂಡು ಬರುವ ಹುಡುಗರು ರನ್ನ ಬೆಳಗಲಿಯ ತಿರುವಿನಲ್ಲಿ ಕುರಿಯ ಧೂಳು ಕಂಡರೆ ಸಾಕು, ಹಾಡು ಬಂದ್ ಮಾಡಿ, ಗಾಡಿ ಬದಿಗೆ ಹಚ್ಚಿ, ಹಿಂಡು ದಾಟುವ ತನಕ ಸುಮ್ಮನೆ ಕೂಡುತ್ತಿದ್ದರು. ಹಿಂದೊಮ್ಮೆ ಒಬ್ಬ ನಿಲ್ಲಿಸಿರಲಿಲ್ಲ. ಮೂರು ಕುರಿ ಗಾಲಿಗೆ ಸಿಕ್ಕು ಹೋದವು. ತಂಗೆವ್ವ ಬೈಯಲಿಲ್ಲ, ಅಳಲಿಲ್ಲ. ಟ್ರೇಲರಿನ ನಾಲ್ಕೂ ಟೈರಿಗೆ ಒಂದೊಂದು ಏಟು ಹಾಕಿ, ಐದನೆಯದನ್ನು ಎಲ್ಲಿಗೆ ಹಾಕಲಿ ಎಂದು ಅವನನ್ನೇ ಕೇಳಿದಳು. ಕಬ್ಬಿನ ಹೇರಿನ ಮೇಲೆ ಹತ್ತಿ ಕುಳಿತ ಆ ಡ್ರೈವರ್ ಪೊಲೀಸರು ಬಂದ ಮೇಲೆಯೇ ಕೆಳಗಿಳಿದದ್ದು.

ಆ ಕೊಡಲಿ ಮೊದಲು ಅವಳ ಗಂಡ ಜಕ್ಕಪ್ಪನದಾಗಿತ್ತು. ಇಬ್ಬರೂ ಬೀಳಗಿ ಕಡೆಯ ಹೊಳೆದಂಡೆಯವರು. ಆಲಮಟ್ಟಿಯ ಹಿನ್ನೀರು ಏರಿದಾಗ ಅವರ ಊರು ಮುಳುಗಿತು. ಜನ ತಿರುಗಿ ಬಂದು ಸೇರಿಕೊಳ್ಳಬಾರದೆಂದು ನೀರು ಬರುವ ಮೊದಲೇ ಜೆಸಿಬಿ ಬಂದು ಗೋಡೆಗಳನ್ನು ಕೆಡವಿ ಹೋಯಿತು. ಮನೆಗೆ ಪರಿಹಾರ ಬಂತು, ಹೊಲಕ್ಕೆ ಬಂತು. ಕುರಿ ಮೇಯುತ್ತಿದ್ದ ಗಾಯರಾಣಕ್ಕೆ ಧಣಿ ಯಾರೆಂದು ಹೇಳುವವರಿರಲಿಲ್ಲ, ಅದಕ್ಕೆ ಏನೂ ಬರಲಿಲ್ಲ. ಹಿಂಡು ಹೊಡೆದುಕೊಂಡು ಮುಧೋಳ ಸೀಮೆಗೆ ಬಂದರೆ ಅಲ್ಲಿ ಕಣ್ಣು ಹಾಯುವಷ್ಟು ದೂರ ಕಬ್ಬು. ಕುರಿ ಬಾಯಿ ಹಾಕಿದಲ್ಲೆಲ್ಲ ಯಾರದೋ ಕಬ್ಬಿತ್ತು. ಬಂದ ಮೂರನೆಯ ವರ್ಷ ಕಬ್ಬಿನ ಕಾವಲುಗಾರರು ಜಕ್ಕಪ್ಪನನ್ನು ಕಾಲುವೆಯ ಏರಿಯ ಮೇಲೆ ಕೆಡವಿ, ಕಬ್ಬಿನ ಗಳದಿಂದಲೇ ಬಡಿದರು. ಸೊಂಟ ಮುರಿದವನು ಎರಡು ವರ್ಷ ಗುಡಿಸಲಿನಲ್ಲಿ ಮಲಗಿ, ಮಲಗಿದಲ್ಲೇ ಹೋದ. ಅವನನ್ನು ಮಣ್ಣು ಮಾಡಿ ಬಂದ ದಿನವೇ ತಂಗೆವ್ವ ಕೊಡಲಿಯನ್ನು ಹೆಗಲಿಗೇರಿಸಿದಳು. ಆಮೇಲೆ ಅದು ಅವಳ ಹೆಗಲಿನಿಂದ ಇಳಿದದ್ದನ್ನು ಜನ ಕಂಡದ್ದು ಕಡಿಮೆ.

ಮೇವು ಇಲ್ಲದ ಸೀಮೆಯಲ್ಲಿ ಅವಳ ಹಿಂಡನ್ನು ಉಳಿಸಿದ್ದು ಒಂದೇ ರೂಢಿ, ಕುರಿ ತರುಬುವುದು. ಪೀಕು ಬಂದು ಖಾಲಿಯಾದ ಹೊಲದಲ್ಲಿ ನಾಲ್ಕೆಂಟು ದಿನ ಹಿಂಡನ್ನು ಕೂರಿಸಿದರೆ ಹಿಕ್ಕೆ, ಮೂತ್ರ ಬಿದ್ದು ನೆಲಕ್ಕೆ ಜೀವ ಬರುತ್ತದೆ. ರೈತ ಕಾಳು ಕೊಡುತ್ತಾನೆ, ಬದುವಿನ ಮೇವು ಬಿಡುತ್ತಾನೆ. ಮೊದಲೆಲ್ಲ ಹೊಲದವರೇ ಹುಡುಕಿಕೊಂಡು ಬಂದು ಕರೆಯುತ್ತಿದ್ದರು. ಯೂರಿಯಾ ಚೀಲ ಅಗ್ಗವಾದ ಮೇಲೆ ಕರೆಯುವವರು ಒಬ್ಬೊಬ್ಬರಾಗಿ ನಿಂತರು. ಕಬ್ಬು ಕಡಿದ ಮೇಲೆ ಉಳಿಯುವ ಒಣ ಸೋಗೆಗೆ, ಅಂದರೆ ರವದಿಗೆ, ಕಡ್ಡಿ ಗೀರಿ, ಬೂದಿಯ ಮೇಲೆ ಯೂರಿಯಾ ಚೆಲ್ಲಿ, ಕಾಲುವೆ ನೀರು ಬಿಟ್ಟರೆ ಮುಗಿಯಿತು. ಹಾಗೆ ನೀರು ಕುಡಿಸಿ ಕುಡಿಸಿ ಎಷ್ಟೋ ಹೊಲ ಸವಳಾಗಿ, ಮೇಲೆ ಉಪ್ಪು ಚೆಲ್ಲಿದಂತೆ ಬೆಳ್ಳಗಾಯಿತು.

ರೈತ ಪಾಂಡಪ್ಪನ ಹೊಲವೂ ಅರ್ಧ ಬೆಳ್ಳಗಾಗಿತ್ತು. ಅವನ ಬದುವಿಗೆ ಕೃಷಿ ಇಲಾಖೆಯ ರಘೂತ್ತಮ ಬಂದು ನಿಂತದ್ದು ಎರಡು ಸಾವಿರದ ಒಂಬತ್ತರ ಜನವರಿಯಲ್ಲಿ. ಆಗ ಸರ್ಕಾರದ್ದೊಂದು ಸಾವಯವ ಯೋಜನೆ ನಡೆದಿತ್ತು. ಎರೆಹುಳದ ಸಿಮೆಂಟ್ ತೊಟ್ಟಿ ಕಟ್ಟಿಸಿದರೆ ಸಹಾಯಧನ. ರಘೂತ್ತಮ ಸಣ್ಣ ದನಿಯ, ಛತ್ರಿ ಹಿಡಿದು ಹೊಲ ಸುತ್ತುವ ಮನುಷ್ಯ. ತೊಟ್ಟಿಗಳಲ್ಲಿ ಹುಳ ಸತ್ತು ಕೋಳಿಗಳು ಕಾವು ಕೂತದ್ದನ್ನು ಸಾಕಷ್ಟು ನೋಡಿದ್ದ. ಪಾಂಡಪ್ಪನ ಎರಡು ಎಕರೆಯಲ್ಲಿ ರವದಿ ಸುಡದೆ ಹಾಸಿ, ಮೇಲೆ ತಂಗೆವ್ವನ ಕುರಿ ತರುಬಿಸಿ ನೋಡೋಣ ಎಂದ. ಇಲಾಖೆಯ ಅರ್ಜಿಯಲ್ಲಿ ಕುರಿಗೆ ಜಾಗವಿರಲಿಲ್ಲವಾದ್ದರಿಂದ 'ಇತರೆ' ಎಂಬಲ್ಲಿ ಬರೆದುಕೊಂಡ. ಕಡಿದ ಬುಡದಿಂದ ಚಿಗುರುವ ಕುಳೆ ಕಬ್ಬು ಚೆನ್ನಾಗಿ ಎದ್ದರೆ ಮುಂದಿನ ವರ್ಷ ತಾಲೂಕಿನಲ್ಲೆಲ್ಲ ಕುರಿ ತರುಬುವವರಿಗೂ ಯೋಜನೆಯಲ್ಲಿ ಪಾಲು ಕೊಡಿಸುತ್ತೇನೆ ಎಂದು ತಂಗೆವ್ವನಿಗೆ ಹೇಳಿದ. ಎಂದರೆ ಅವಳ ನೂರಾನಲವತ್ತು ಕುರಿಗಳಿಗೆ ವರ್ಷವಿಡೀ ಒಂದಲ್ಲ ಒಂದು ಹೊಲ. ಅದಾಗದಿದ್ದರೆ ಆ ಬೇಸಿಗೆಯಲ್ಲಿ ಅವಳು ಹಿಂಡನ್ನು ತೇರದಾಳದ ಕಟುಕರಿಗೆ ಹೊಡೆಯಬೇಕಿತ್ತು. ಬೇರೆ ದಾರಿಯಿರಲಿಲ್ಲ.

ಪಾಂಡಪ್ಪನ ಹೊಲಕ್ಕೆ ಪಡುವಲಲ್ಲಿ ಮುರಗೆಪ್ಪನ ಹೊಲ. ಅವನಿಗೆ ಈ ಹೊಸ ಪಾಠ ಸೇರಿರಲಿಲ್ಲ. ರವದಿ ಬಿಟ್ಟರೆ ಇಲಿ ಸೇರುತ್ತವೆ, ಹಾವು ಸೇರುತ್ತವೆ, ಕಡೆಗೆ ಸಾಹೇಬರೂ ಸೇರುತ್ತಾರೆ ಎಂದು ನಗುತ್ತಿದ್ದ. ಆದರೂ ನೆರೆಯವನೆಂಬ ಮರ್ಯಾದೆಗೆ, ಸುಡುವ ಹಿಂದಿನ ದಿನ ತಂಗೆವ್ವನ ಹತ್ತಿರ ಬಂದ.

"ಅಕ್ಕಾ, ನಾಳಿ ರವದಿಗಿ ಕಡ್ಡಿ ಗೀರಬೇಕಂತೇನಿ. ನಿನ್ನ ಮರಿ ಎಲ್ಲಾ ಬದುವಿನ ಬಾಜೂಕ ಅದಾವು. ಏನಂತಿ?"

"ಗೀರೋ. ಶಿವರಾತ್ರಿ ತನಕ ಪಡುವಣ ಗಾಳಿ ಎಲ್ಲಿಂದ ಬರತೈತಿ, ನಿನ್ನ ಮೂಗಿನಿಂದೇನು?"

ಶಿವರಾತ್ರಿಗೆ ಇನ್ನೂ ಹದಿನೆಂಟು ದಿನವಿತ್ತು. ಅದು ಮುಗಿಯುವ ತನಕ ಪಡುವಣ ಗಾಳಿ ಏಳುವುದಿಲ್ಲ ಎಂಬುದು ಆ ಸೀಮೆಯಲ್ಲಿ ಯಾರೂ ಯಾರಿಗೂ ಕಲಿಸದೆ ಎಲ್ಲರಿಗೂ ಗೊತ್ತಿದ್ದ ಮಾತು. ರವದಿ ಸುಡುವವರು ಅದನ್ನು ನಂಬಿಯೇ ಸುಡುತ್ತಿದ್ದರು, ಕುರಿಯವರು ಅದನ್ನು ನಂಬಿಯೇ ಮರಿಗಳನ್ನು ಹೊಲದಲ್ಲೇ ಬಲೆಯ ದೊಡ್ಡಿಯೊಳಗೆ ಬಿಟ್ಟು ಮೇಯಿಸಲು ಹೋಗುತ್ತಿದ್ದರು. ಈಗೀಗ ಬಿಸಿಲು, ಗಾಳಿ ಹೇಳಿದ ಹೊತ್ತಿಗೆ ಬರುತ್ತಿಲ್ಲ, ಎರಡು ದಿನ ಮರಿಗಳನ್ನು ಆಚೆ ಇಡಿ ಎಂದು ರಘೂತ್ತಮ ಸಂಜೆ ಬಂದು ಹೇಳಿದ್ದುಂಟು. ಗಾಳಿ ನಿಮ್ಮ ಕಚೇರಿಗೆ ಬಂದು ಸಹಿ ಮಾಡಿ ಹೋಗಿದೆಯೇ ಎಂದು ತಂಗೆವ್ವ ಕೇಳಿದ್ದಳು. ಪಾಂಡಪ್ಪನೂ ನಕ್ಕಿದ್ದ.

ಮರುದಿನ ಹನ್ನೊಂದರ ಬಿಸಿಲು. ತಂಗೆವ್ವ ಹಿಂಡಿನೊಂದಿಗೆ ಕಾಲುವೆಯಾಚೆಯ ಜಾಲಿಯ ನೆರಳಿನಲ್ಲಿದ್ದಳು. ಮುರಗೆಪ್ಪನ ಹೊಲದಿಂದ ಹೊಗೆ ನೆಟ್ಟಗೆ ಏಳುತ್ತಿದ್ದುದನ್ನು ನೋಡಿ ಎಲೆಯಡಿಕೆ ಮಡಚಿಕೊಂಡಳು. ಅದು ಇನ್ನೂ ದವಡೆ ಸೇರಿರಲಿಲ್ಲ, ತಲೆಯ ಸೆರಗು ಮೂಡಲಕ್ಕೆ ಹಾರಿತು. ಹೊಗೆ ಬಗ್ಗಿತು. ಕೆಂಡದಂತಹ ಬಿಸಿಗಾಳಿ ಪಡುವಲಿಂದ ಒಮ್ಮೆಲೇ ನುಗ್ಗಿ ಬಂದು, ಉರಿಯನ್ನು ಬದುವಿನ ಮೇಲಿಂದ ಎತ್ತಿ ಪಾಂಡಪ್ಪನ ಹೊಲದೊಳಗೆ ಎಸೆಯಿತು. ಮೊಣಕಾಲುದ್ದ ಹಾಸಿದ್ದ ರವದಿ ಪಟಪಟ ಸಿಡಿಯುತ್ತ ಹೊತ್ತಿಕೊಂಡಿತು. ಬಲೆಯೊಳಗಿನ ಮೂವತ್ತೊಂದು ಮರಿಗಳು ಒಟ್ಟಿಗೇ ಕೂಗಿದವು.

ಆ ಕೂಗಿಗೆ ತಾಯಿಕುರಿಗಳೆಲ್ಲ ತಲೆ ಎತ್ತಿದವು. ಅವುಗಳಿಗಿಂತ ಮೊದಲು ಓಡಿದ್ದು ಟಗರು.

ಅದು ಬೀರೇಶ್ವರನಿಗೆ ಬಿಟ್ಟ ಟಗರು. ಹಣೆತುಂಬ ಅರಿಸಿನದ ಭಂಡಾರ ಹಚ್ಚಿಸಿಕೊಂಡು ಆರು ವರ್ಷ ಹಿಂಡಿನ ಮುಂದೆ ನಡೆದಿತ್ತು. ಅದು ಹೋದಲ್ಲಿ ಹಿಂಡು ಹೋಗುತ್ತದೆ. ಅದರ ಮೇಲೆ ಕೈ ಎತ್ತುವುದಿರಲಿ, ಒಂದು ಹರಳು ಎಸೆದವರೂ ಇರಲಿಲ್ಲ. ಹೊಲಕ್ಕೆ ದಾಟಲು ತುಂಬಿ ಹರಿಯುತ್ತಿದ್ದ ಕಾಲುವೆಯ ಮೇಲೆ ಒಂದೇ ಕಲ್ಲುಚಪ್ಪಡಿಯಿತ್ತು, ಒಂದರ ಹಿಂದೆ ಒಂದು ಕುರಿ ಹೋಗುವಷ್ಟು ಅಗಲ. ತಂಗೆವ್ವ ಓಡಿ ಹೋಗಿ ಚಪ್ಪಡಿಯ ಮೇಲೆ ಅಡ್ಡ ನಿಂತು ಎರಡೂ ಕೈ ಚಾಚಿದಳು. ಟಗರು ನಿಲ್ಲಲಿಲ್ಲ. ಗುದ್ದಿದ ಹೊಡೆತಕ್ಕೆ ಅವಳ ಪಕ್ಕೆಯೊಳಗೆ ಏನೋ ಲಟಕ್ಕೆಂದಿತು. ಮಂಡಿಯ ಮೇಲೆ ಬಿದ್ದವಳು ಅದರ ಕೋಡು ಹಿಡಿದಳು. ಅದು ಅವಳನ್ನೂ ಎಳೆದುಕೊಂಡು ಎರಡು ಹೆಜ್ಜೆ ಮುಂದೆ ಹೋಯಿತು. ಅದರ ಹಿಂದೆ ನೂರಾನಲವತ್ತು ಬಾಯಿ ಒದರುತ್ತಿದ್ದವು. ಆಚೆ ಉರಿ ಆಳೆತ್ತರವಾಗಿತ್ತು.

ಅವಳು ಕೋಡು ಬಿಟ್ಟು ಕೊಡಲಿ ಎತ್ತಿದಳು.

ಮೊದಲ ಏಟು ಉಣ್ಣೆಯಲ್ಲಿ ಜಾರಿತು. ಎರಡನೆಯದು ಕುತ್ತಿಗೆಗೆ ಇಳಿಯಿತು. ಟಗರು ಚಪ್ಪಡಿಯ ಮೇಲೆ ಅಡ್ಡ ಬಿದ್ದು ಕಾಲು ಝಾಡಿಸಿತು. ಅವಳ ಮುಖ, ಎದೆ ರಕ್ತದಿಂದ ತೊಯ್ದವು. ಏಳು ಕುರಿ ಅದರ ಮೇಲಿಂದ ಜಿಗಿದು ಉರಿಯೊಳಕ್ಕೆ ಹೋದವು. ಉಳಿದವುಗಳನ್ನು ಅವಳು ಕೊಡಲಿಯ ಹಿಡಿಕೆಯಿಂದ ಮೂತಿಗೆ, ಕಣ್ಣಿಗೆ, ಎಲ್ಲಿ ಸಿಕ್ಕರಲ್ಲಿ ಬಡಿದು ಬಡಿದು ಹಿಂದಕ್ಕಟ್ಟಿದಳು. ಬಡಿಯುವಾಗೆಲ್ಲ ಬೆನ್ನ ಹಿಂದೆ ಮರಿಗಳ ಕೂಗು ಕೇಳುತ್ತಿತ್ತು. ಆಮೇಲೆ ಕೇಳಿಸಲಿಲ್ಲ.

ಪಾಂಡಪ್ಪ ಊಟ ಬಿಟ್ಟು ಓಡಿಬಂದು ಬಲೆ ಹರಿದಿದ್ದ. ನೈಲಾನ್ ಬಲೆ ಕರಗಿ ಎರಡೂ ಅಂಗೈಗೆ ಅಂಟಿಕೊಂಡಿತ್ತು. ಹನ್ನೊಂದು ಮರಿಗಳನ್ನು ಹೊರಗೆಸೆದು ತಾನೂ ಕಾಲುವೆಗೆ ಬಿದ್ದ. ಮುರಗೆಪ್ಪ ಬೇವಿನ ಟೊಂಗೆ ಹಿಡಿದು ಬದುವಿನುದ್ದಕ್ಕೂ ಉರಿ ಬಡಿಯುತ್ತಿದ್ದ. ಹುಬ್ಬು, ಮೀಸೆ ಸುಟ್ಟಿದ್ದವು. ತಂಗೆವ್ವ ಬರುವುದನ್ನು ಕಂಡು ಟೊಂಗೆ ಕೆಳಗಿಟ್ಟ. ಅವಳು ಕೊಡಲಿಯ ಹಿಂಬದಿಯಿಂದ ಬೀಸಿದಳು. ಅವನ ಎಡಗೈ ಮೊಣಕೈಯ ಮೇಲೆ ಮುರಿದು ಜೋತುಬಿತ್ತು. ಅವಳು ಕೈಯೊಳಗೇ ಕೊಡಲಿ ತಿರುಗಿಸಿಕೊಂಡಳು, ಈ ಸಲ ಅಲಗು ಮುಂದೆ.

ಅವನು ಓಡಲಿಲ್ಲ.

"ಕೇಳಿದ್ನಲ್ಲಾ ಅಕ್ಕಾ," ಎಂದ. "ನೀನ ಹೂಂ ಅಂದಿದ್ದಿ."

ಎತ್ತಿದ ಕೊಡಲಿ ಅಲ್ಲೇ ನಿಂತಿತು. ಆಮೇಲೆ ತಾನಾಗಿ ಕೆಳಗಿಳಿಯಿತು.

ಮರುದಿನ ಪಂಚನಾಮೆ. ಊರ ಲೆಕ್ಕ ಬರೆಯುವ ತಲಾಟಿ ಬಂದ, ಇಬ್ಬರು ಪೊಲೀಸರು ಬಂದರು, ರಘೂತ್ತಮ ಛತ್ರಿಯಿಲ್ಲದೆ ಬಂದ. ಸುಟ್ಟ ಮರಿಗಳು ಕರಿ ಗಂಟುಗಳಂತೆ ಬಿದ್ದಿದ್ದವು. ನಾಯಿಗಳನ್ನು ಓಡಿಸಲು ಒಬ್ಬ ಪೊಲೀಸ್ ಕಲ್ಲು ಹಿಡಿದು ನಿಂತಿದ್ದ. ರಘೂತ್ತಮ ತಂಗೆವ್ವನನ್ನು ಬದಿಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ್ದಿಷ್ಟು. ಮುರಗೆಪ್ಪ ಕೇಳದೆ, ತಿಳಿಸದೆ ಬೆಂಕಿ ಹಚ್ಚಿದ ಎಂದರೆ ತಪ್ಪೆಲ್ಲ ಅವನದಾಗುತ್ತದೆ. ಅವಳಿಗೆ ಪರಿಹಾರ ಸಿಗುತ್ತದೆ, ಕೈ ಮುರಿದ ಕೇಸು ಹಗುರಾಗುತ್ತದೆ, ಮುಂದಿನ ವರ್ಷ ಈ ಪ್ರಯೋಗ ಮತ್ತೆ ನಡೆಯುತ್ತದೆ. ಒಪ್ಪಿಗೆ ಕೊಟ್ಟಿದ್ದೆ ಎಂದರೆ ಹಾಸಿದ ರವದಿಯ ಮೇಲೆ ಕುರಿ ತರುಬುವುದೇ ಅಪಾಯ ಎಂದು ಮೇಲಿನವರು ಫೈಲು ಮುಚ್ಚುತ್ತಾರೆ.

ತಂಗೆವ್ವ ಹಿಂಡಿನ ಕಡೆ ನೋಡಿದಳು. ಸುಳ್ಳು ಹೇಳುವುದು ಅವಳಿಗೆ ಹೊಸದಲ್ಲ. ಕಾವಲುಗಾರರಿಗೆ, ಫಾರೆಸ್ಟಿನವರಿಗೆ ಹೇಳಿಯೇ ಹಿಂಡು ಸಾಕಿದ್ದಳು. ಆದರೆ ಮುರಗೆಪ್ಪ ಎತ್ತಿದ ಕೊಡಲಿಯ ಕೆಳಗೆ ನಿಂತು ಖರೆ ಹೇಳಿದ್ದ. ಅವಳು ತಲಾಟಿಯ ಮುಂದೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತಳು.

"ಬರಕೊಳ್ರಿ ಸಾಹೇಬರ. ಕಡ್ಡಿ ಅವಂದು. ಗಾಳಿಗಿ ಜಾಮೀನು ನಿಂತಾಕಿ ನಾನು."

ತಿಂಗಳೊಳಗೆ ಫೈಲು ಮುಚ್ಚಿತು. ಹಾಸಿದ ಹೊಲಗಳಿಗೆ ದನಕುರಿ ಬಿಡಬಾರದೆಂದು ಇಲಾಖೆಯಿಂದ ಒಂದು ಕಾಗದ ಬಂತು. ಅದರ ಕೆಳಗೆ ರಘೂತ್ತಮನೇ ಸಹಿ ಮಾಡಬೇಕಾಯಿತು. ಅದಕ್ಕೂ ಮೊದಲೇ, ಬೆಂಕಿಯ ಸುದ್ದಿ ಹರಡಿದ ಕೂಡಲೇ, ಯಾವ ಹೊಲದವರೂ ಹಿಂಡನ್ನು ಬದುವು ಹತ್ತಿಸಲಿಲ್ಲ. ದೇವರ ಟಗರಿನ ಕುತ್ತಿಗೆಗೆ ಕೊಡಲಿ ಇಟ್ಟವಳೆಂದು ಅವಳ ಜನವೂ ನೀರು, ಬೆಂಕಿ ಕೊಡುವುದನ್ನು ಬಿಟ್ಟರು. ಪಕ್ಕೆಗೆ ಸೆರಗು ಬಿಗಿದುಕೊಂಡು ಅವಳು ಕಾಲುವೆ ಏರಿಯ ಮೇಲೆ ಹಿಂಡು ನಿಲ್ಲಿಸಿಕೊಂಡು ಕುಳಿತಳು. ಮರಿ ಸತ್ತ ತಾಯಿಕುರಿಗಳ ಕೆಚ್ಚಲು ಬಿಗಿದು ಕಲ್ಲಾಗಿತ್ತು. ಒಂದೊಂದನ್ನೇ ಹಿಡಿದು ಹಾಲನ್ನು ನೆಲಕ್ಕೆ ಹಿಂಡಿದಳು.

ಬೆಂಕಿ ಬಿದ್ದ ಮೂರನೆಯ ದಿನ ಹೊತ್ತು ಇಳಿಯುವಾಗ ಮುರಗೆಪ್ಪನ ಹೆಂಡತಿ ಕಸ್ತೂರೆವ್ವ ಬಂದಳು. ಮುಧೋಳದ ದವಾಖಾನೆಯಲ್ಲಿ ಗಂಡನಿಗೆ ಪಟ್ಟಿ ಕಟ್ಟಿಸಿ ಬಂದ ಕಾಲಿನಲ್ಲೇ ಬಂದಿದ್ದಳು. ಕೈಯಲ್ಲಿ ದನ ಹೊಡೆಯುವ ಬಡಿಗೆ. ತಂಗೆವ್ವ ಎದ್ದು ನಿಂತು, ಕೊಡಲಿಯನ್ನು ಕೈಗೆ ಸಿಗದಷ್ಟು ದೂರ ಇಟ್ಟು ಬಂದಳು. ಕಸ್ತೂರೆವ್ವ ಹೆಗಲಿಗೆ ಹೊಡೆದಳು, ಬೆನ್ನಿಗೆ ಹೊಡೆದಳು. ಒಂದು ಏಟು ಕಿವಿಗೆ ಬಿದ್ದು ರಕ್ತ ಕುತ್ತಿಗೆಗೆ ಇಳಿಯಿತು. ಮುರಿದ ಪಕ್ಕೆಗೆ ಬಿದ್ದಾಗ ಮಾತ್ರ ತಂಗೆವ್ವ ಒಮ್ಮೆ ನರಳಿದಳು. ಹೊಡೆಯುವವಳ ಉಸಿರು ಕಟ್ಟಿತು. ಬಡಿಗೆಗೆ ಆತು ನೆಲಕ್ಕೆ ಕುಳಿತಳು. ಕೂತಲ್ಲಿ ಸೀರೆ ಒದ್ದೆಯಾಯಿತು. ಏನೆಂದು ಮುಟ್ಟಿ ನೋಡಿದರೆ ಹಾಲು.

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಶಿವರಾತ್ರೀನ ಸುಳ್ಳಾತಂದ್ರ," ಎಂದಳು ಕಸ್ತೂರೆವ್ವ, "ಇನ್ಯಾವ ದಿನ ನಂಬೂದಬೇ?"

"ಗೊತ್ತಿಲ್ಲವ್ವಾ."

"ಇವತ್ತ ಎಲ್ಲಿ ತರಬತಿ ಇವನ್ನ?"

"ಯಾರೂ ಕರದಿಲ್ಲ."

ಕಸ್ತೂರೆವ್ವ ಪಡುವಲಕ್ಕೆ ನೋಡಿದಳು. ಗಾಳಿ ಇನ್ನೂ ಬೀಸುತ್ತಲೇ ಇತ್ತು. ದೂರದಲ್ಲಿ ಬೇರೆ ಯಾರದೋ ಹೊಲ ಹೊಗೆಯಾಡುತ್ತಿತ್ತು.

"ನಮ್ಮ ಹೊಲಕ್ಕ ಹೊಡಿ. ಅಲ್ಲಿ ಸುಡಾಕ ಇನ್ನೇನೂ ಉಳದಿಲ್ಲ."

ತಂಗೆವ್ವ ಕೆಮ್ಮುತ್ತ ಎದ್ದಳು. ಮುಂದೆ ನಡೆಯುವ ಟಗರಿಲ್ಲದೆ ಹಿಂಡು ಅಲುಗಲಿಲ್ಲ, ನಿಂತಲ್ಲೇ ತಿರುಗಿತು. ಅವಳೇ ಮುಂದೆ ಹೋಗಿ ಚಪ್ಪಡಿ ದಾಟಬೇಕಾಯಿತು. ಒಂದು ಕುರಿ ಬಂತು, ಇನ್ನೊಂದು ಬಂತು. ಹಿಂದೆ ಉಳಿದವುಗಳನ್ನು ಕಸ್ತೂರೆವ್ವ ಅದೇ ಬಡಿಗೆಯಿಂದ ಮೆಲ್ಲಗೆ ತಟ್ಟುತ್ತ, ಬಾಯಿಗೆ ಬಂದಂತೆ ಬೈಯುತ್ತ, ಕರಿಹೊಲಕ್ಕೆ ಅಟ್ಟಿದಳು.